ಮಗು ಇನ್ನೂ ಮಾತಾಡ್ತಿಲ್ವಾ? ಹರಕೆ ಇರಲಿ, ಕಿವಿ ಪರೀಕ್ಷೆಯೂ ಆಗಲಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ಕೊಳದ ಮುಂದೆ ಕೂತು ಮನಸ್ಸಿನಲ್ಲೇ ಬೇಡಿಕೊಂಡು, ನೀರಲ್ಲಿ ಪ್ರಸಾದವಾಗಿ ಏನು ತೇಲಿ ಬರುತ್ತೋ ಅಂತ ಕಾಯ್ತಾರೆ. ಮಕ್ಕಳ ಭಾಗ್ಯ ಬೇಡುವವರೂ ಬರ್ತಾರೆ. ಹೋದ ಸಲ ನಮ್ಮ ಪಕ್ಕ ಕೂತಿದ್ದ ಬೆಂಗಳೂರಿನ ದಂಪತಿಯ ಮಡಿಲಲ್ಲಿ ಆಗಲೇ ಎರಡೂವರೆ ವರ್ಷದ ಮಗ ಇದ್ದ. ಅವರ ಬೇಡಿಕೆ ಬೇರೆ: "ಇವನಿಗೆ ಮಾತು ಬರಲಿ."

ಜೊತೆಗಿದ್ದ ಅಜ್ಜಿಗೆ ಚಿಂತೆ ಇರಲಿಲ್ಲ. "ಅವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು ಕಣಮ್ಮ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರೆ ಸರಿಹೋಗುತ್ತೆ." ತಾಯಿಯ ಅನುಮಾನ ಇನ್ನೊಂದು. "ಮನೇಲಿ ಕನ್ನಡ, ಡೇಕೇರ್‌ನಲ್ಲಿ ಇಂಗ್ಲಿಷ್. ಕನ್‌ಫ್ಯೂಸ್ ಆಗಿದಾನೇನೋ. ಕನ್ನಡ ನಿಲ್ಲಿಸಿಬಿಡೋಣ್ವಾ?"

"ಕಿವಿ ಪರೀಕ್ಷೆ ಮಾಡಿಸಿದ್ರಾ?" ಎಂದೆ. "ಕರೆದ್ರೆ ತಿರುಗ್ತಾನಲ್ಲ!" ಎಂದರು.

ಮೊದಲು ಕಿವಿ

ತಿರುಗಿದರೆ ಸಾಲದು. ಬಾಗಿಲ ಸದ್ದು ಕೇಳಿಸುವ ಮಗುವಿಗೂ 'ಸ', 'ಶ' ತರಹದ ಮೆಲುದನಿ ಕೇಳಿಸದೆ ಇರಬಹುದು. ಪದೇ ಪದೇ ಶೀತವಾಗಿ ಕಿವಿಯೊಳಗೆ ನೀರು ತುಂಬಿದರೂ ಹೀಗಾಗುತ್ತೆ. ಓಎಇ, ಬೆರಾ ಪರೀಕ್ಷೆಗಳನ್ನು ಮಗು ನಿದ್ದೆಯಲ್ಲಿದ್ದಾಗಲೇ ಮಾಡ್ತಾರೆ, ನೋವಿಲ್ಲ.

ಕಿವಿ ಸರಿಯಿದ್ದರೂ

ಕೆಲವು ಮಕ್ಕಳಿಗೆ ಕಿವಿ ಚೆನ್ನಾಗಿದ್ದೂ ಭಾಷೆ ಕಲಿಯುವುದೇ ಕಷ್ಟ. ಇದಕ್ಕೆ 'ಡೆವಲಪ್‌ಮೆಂಟಲ್ ಲಾಂಗ್ವೇಜ್ ಡಿಸಾರ್ಡರ್' ಎಂಬ ಹೆಸರನ್ನು ತಜ್ಞರು ಒಪ್ಪಿದ್ದು 2017ರಲ್ಲಿ. ಅಮೆರಿಕ, ಇಂಗ್ಲೆಂಡ್‌ಗಳ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು 7 ಮಕ್ಕಳಲ್ಲಿ ಇದು ಕಂಡಿದೆ. ಅಂದರೆ 30 ಮಕ್ಕಳ ಕ್ಲಾಸಿನಲ್ಲಿ ಇಬ್ಬರು. "ಅಕ್ಕ ಬಂದ", "ನಾನು ಹೋಯ್ತು" ಅಂತ ಎರಡು ವರ್ಷದ ಮಗು ಹೇಳಿದರೆ ಮುದ್ದು. ಐದು ತುಂಬಿದ ಮೇಲೂ ಹಾಗೇ ಹೇಳ್ತಿದ್ದರೆ ತಜ್ಞರಿಗೆ ತೋರಿಸಬೇಕು.

ಎರಡು ಭಾಷೆ ಇದಕ್ಕೆ ಕಾರಣ ಅಲ್ಲ. ನಿಜವಾದ ತೊಂದರೆ ಇದ್ದರೆ ಎರಡೂ ಭಾಷೆಯಲ್ಲಿ ಕಾಣುತ್ತೆ. ಕನ್ನಡ ನಿಲ್ಲಿಸಿದರೆ ತೊಂದರೆ ಹೋಗಲ್ಲ, ಅಜ್ಜಿಯ ಜೊತೆಗಿನ ಮಾತು ಹೋಗುತ್ತೆ. ಇನ್ನು "ಅವರಪ್ಪನೂ ಹಾಗೇ" ಅನ್ನೋದು ಸಮಾಧಾನದ ಮಾತಲ್ಲ. ಇಂಥ ತೊಂದರೆ ಕೆಲವು ಮನೆತನಗಳಲ್ಲಿ ಹರಿದು ಬರುತ್ತೆ, ಹಾಗಾಗಿ ಬೇಗ ತೋರಿಸೋಕೆ ಅದೇ ಕಾರಣ.

ಯಾವಾಗ ತೋರಿಸಬೇಕು?

- ವರ್ಷ ತುಂಬಿದರೂ 'ಬಾಬಾ', 'ದಾದಾ' ತೊದಲು ಇಲ್ಲ, ಬೆರಳು ತೋರಿಸಲ್ಲ
- ಎರಡು ವರ್ಷಕ್ಕೆ "ಅಮ್ಮ ಬಾ" ತರಹ ಎರಡು ಪದ ಜೋಡಿಸಲ್ಲ
- ಬರುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋಯಿತು

ತಡವಾಗಿ ಮಾತಾಡುವ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗ್ತಾರೆ, ನಿಜ. ಆದರೆ ನಿಮ್ಮ ಮಗು ಅವರಲ್ಲಿ ಒಂದಾ ಅಂತ ಎರಡನೇ ವರ್ಷದಲ್ಲಿ ಖಚಿತವಾಗಿ ಹೇಳೋಕಾಗಲ್ಲ.

ಎಲ್ಲಿ ತೋರಿಸಬೇಕು?

ನಮ್ಮ ಅದೃಷ್ಟಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಕೆಲಸ ಮಾಡುತ್ತಿರುವ ಇಲ್ಲಿ ಕನ್ನಡದಲ್ಲೇ ಮಗುವಿನ ಭಾಷೆ ಪರೀಕ್ಷಿಸ್ತಾರೆ. ಹಳ್ಳಿಯಲ್ಲಿದ್ದರೆ ಅಂಗನವಾಡಿಯಲ್ಲಿ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿನ ಮಕ್ಕಳ ತಪಾಸಣೆಗೆ ವರ್ಷಕ್ಕೆ ಎರಡು ಸಲ ಬರಬೇಕು. ಕಿವಿ, ಮಾತಿನ ತೊಂದರೆಗಳೂ ಅದರ ಪಟ್ಟಿಯಲ್ಲಿವೆ.

ಅಲ್ಲಿವರೆಗೆ ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ: ಫೋನ್ ಪಕ್ಕಕ್ಕಿಟ್ಟು, ಮಗು ಏನನ್ನು ನೋಡುತ್ತೋ ಅದರ ಬಗ್ಗೆ ನಿಮ್ಮ ಭಾಷೆಯಲ್ಲೇ ಮಾತಾಡಿ. ಉತ್ತರಕ್ಕೆ ಸ್ವಲ್ಪ ಕಾಯಿರಿ.

ನಾವು ಎದ್ದು ಹೊರಡುವಾಗ ಆ ಹುಡುಗ ಕೊಳದ ಕಡೆ ಕೈ ತೋರಿಸಿ "ಊಂ" ಅಂದ. "ಹೌದು ಕಂದ, ನೀರು. ತುಂಬಾ ನೀರು" ಅಂದಳು ಅಮ್ಮ, ಕನ್ನಡದಲ್ಲೇ.