ನಗರವೇ ಜಿಲ್ಲೆಯಾದಾಗ

ಊರಿನ ನಲ್ಲಿ, ದೀಪ, ಚರಂಡಿಗಳು ಪುರಸಭೆಯ ಪಾಲಿನವು. ಭೂಮಿಯ ದಾಖಲೆ, ಕಂದಾಯ ಮೊದಲಾದವು ಜಿಲ್ಲಾಡಳಿತಕ್ಕೆ ಸೇರಿದವು. ಈ ಏರ್ಪಾಡು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಎರಡನ್ನೂ ಒಂದೇ ಆಡಳಿತ ನಡೆಸಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ. ಆದರೆ ಜರ್ಮನಿಯಲ್ಲಿ ನೂರಕ್ಕೂ ಮಿಕ್ಕ ನಗರಗಳು ಯಾವ ಜಿಲ್ಲೆಗೂ ಸೇರದೆ, ಜಿಲ್ಲೆಯ ಕೆಲಸವನ್ನೂ ತಾವೇ ಮಾಡಿಕೊಳ್ಳುತ್ತವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1856ರಿಂದ ನಗರವೂ ಕೌಂಟಿಯೂ ಒಂದೇ. ಕೌಂಟಿಯೆಂದರೆ ಜಿಲ್ಲೆಯೆಂದೇ ತಿಳಿಯಬಹುದು. ಅದನ್ನು ಆಳುವವರು ಮಾತ್ರ ಮೇಲಿನಿಂದ ನೇಮಕವಾದವರಲ್ಲ, ಜನರೇ ಆರಿಸಿದವರು.

ಇಂಥ ಅಧಿಕಾರ ನಗರಕ್ಕೆ ದೊರೆತರೆ ಲಾಭವೇ ಅಲ್ಲವೇ ಎಂದು ವಾಚಕರು ಕೇಳಬಹುದು. ಇದಕ್ಕೆ ಅದೇ ದೇಶದ, ಮಿಸ್ಸಿಸಿಪ್ಪಿ ನದಿಯ ದಡದಲ್ಲಿರುವ ಸೇಂಟ್ ಲೂಯಿಸ್ ನಗರದ ಕಥೆಯನ್ನು ನೋಡಬೇಕು.

1870ರ ದಶಕದಲ್ಲಿ ಅಲ್ಲಿಯ ನಾಗರಿಕರಿಗೆ ಒಂದು ಅಸಮಾಧಾನವಿತ್ತು. ಅವರು ನಗರದ ತೆರಿಗೆಯನ್ನೂ ಕೊಡಬೇಕು, ಕೌಂಟಿಯ ತೆರಿಗೆಯನ್ನೂ ಕೊಡಬೇಕು. ಕೌಂಟಿಯ ಬೊಕ್ಕಸ ತುಂಬುತ್ತಿದ್ದುದು ಬಹುಪಾಲು ನಗರದ ಹಣದಿಂದ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬಂತಾಯಿತೆಂದು ಅವರ ಭಾವನೆ. 1875ರ ಮಿಸ್ಸೌರಿ ಸಂವಿಧಾನವು ನಗರ ಬೇರೆಯಾಗಲು ದಾರಿ ತೆರೆಯಿತು. 1876ರ ಆಗಸ್ಟಿನಲ್ಲಿ ಮತದಾನವಾಯಿತು. ಮೊದಲ ಎಣಿಕೆಯಲ್ಲಿ ಸಲಹೆ ಬಿದ್ದುಹೋಯಿತು, ಮರುಎಣಿಕೆಯಲ್ಲಿ ಗೆದ್ದಿತು! ನಗರವು ತನ್ನ ವಿಸ್ತಾರವನ್ನು ಸುಮಾರು ಮೂರು ಪಟ್ಟು ಹೆಚ್ಚಿಸಿ, ಅರವತ್ತೊಂದು ಚದರ ಮೈಲಿಗೆ ಗಡಿ ಹಾಕಿಕೊಂಡು, ಕೌಂಟಿಯಿಂದ ಪಾಲಾಗಿ ಹೊರಬಂದಿತು.

ಅಂದಿನಿಂದ ಕೌಂಟಿಯ ಕೆಲಸಗಳೂ ನಗರದ ತಲೆಗೆ ಬಂದವು. ತಮಾಷೆಯೆಂದರೆ, ಆಡಳಿತ ಒಂದಾದರೂ ಕಚೇರಿಗಳು ಒಂದಾಗಲಿಲ್ಲ. ಷೆರೀಫ್, ಕ್ರಯಪತ್ರಗಳ ನೋಂದಣಾಧಿಕಾರಿ, ತೆರಿಗೆ ವಸೂಲಿದಾರ ಮುಂತಾದವರನ್ನು ಇಂದಿಗೂ ಜನರೇ ನೇರವಾಗಿ ಚುನಾಯಿಸುತ್ತಾರೆ. ಅವರು ಮೇಯರರ ಕೈಕೆಳಗಿನವರಲ್ಲ. ಎರಡು ಅಧಿಕಾರಗಳು ಕೂಡಿದರೆ ಆಡಳಿತ ತಾನಾಗಿಯೇ ಸರಳವಾಗುತ್ತದೆಂಬ ಮಾತನ್ನು ನಾನು ಅಷ್ಟಾಗಿ ನಂಬದಿರುವುದು ಇದರಿಂದಲೇ.

ನಿಜವಾದ ಪೆಟ್ಟು ಬಂದದ್ದು ಗಡಿಯಿಂದ. ಕೌಂಟಿಯೊಳಗಿನ ನಗರವಾಗಿದ್ದರೆ ಪಕ್ಕದ ನೆಲವನ್ನು ಸೇರಿಸಿಕೊಂಡು ಬೆಳೆಯಬಹುದಿತ್ತು. ಈಗಲಾದರೋ ಪಕ್ಕದ ನೆಲ ಬೇರೆ ಜಿಲ್ಲೆಯದು. ಕಾಲಕ್ರಮದಲ್ಲಿ ಅನುಕೂಲಸ್ಥರು ಗೆರೆಯನ್ನು ದಾಟಿ ಪಶ್ಚಿಮಕ್ಕೆ ಮನೆಮಾಡಿದರು. ಅವರ ಮನೆಯ ತೆರಿಗೆಯೂ ಅವರೊಡನೆಯೇ ದಾಟಿತು. ಹಳೆಯ ಬೀದಿಗಳು, ಹಳೆಯ ಕೊಳವೆಗಳು ಮತ್ತು ಬಡವರ ಯೋಗಕ್ಷೇಮ ನಗರದ ಪಾಲಿಗೆ ಉಳಿದವು. 1950ರಲ್ಲಿ 8,56,796 ಇದ್ದ ನಗರದ ಜನಸಂಖ್ಯೆ 2020ರಲ್ಲಿ 3,01,578ಕ್ಕೆ ಇಳಿಯಿತು. ಬೇರೆಯಾದಾಗ ಹಳ್ಳಿಗಾಡಾಗಿದ್ದ ಕೌಂಟಿಯಲ್ಲಿ ಅದೇ 2020ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು.

ಮರಳಿ ಒಂದಾಗುವ ಪ್ರಯತ್ನ ನಡೆಯದೆ ಇಲ್ಲ. 1926ರಲ್ಲಿ ಮತ್ತೆ ಮತ ಕೇಳಿದಾಗ ನಗರದವರು ಆಗಲೆಂದರು. ಈ ಸಲ ಬೇಡವೆಂದವರು ಕೌಂಟಿಯವರು.