ಪಶ್ಮಿನಾ: ಕುರಿಯದಲ್ಲ, ಮೇಕೆಯದು!

ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ಹೊದ್ದರೆ ಮಾತ್ರ ಬೆಚ್ಚಗೆ. ಈ ಪಶ್ಮಿನಾ ಶಾಲು ಬರೋದು ಮೇಕೆಯಿಂದ, ಗೊತ್ತಾ?

ಲಡಾಖ್‌ನ ಚಾಂಗ್‌ಥಾಂಗ್. ಸುಮಾರು 14,000 ಅಡಿ ಎತ್ತರ. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ! ಆ ಚಳಿ ತಡೆಯಲು ಇಲ್ಲಿನ ಮೇಕೆಗಳಿಗೆ ಒರಟು ಕೂದಲಿನ ಅಡಿಯಲ್ಲಿ ಮೆತ್ತನೆಯ ತುಪ್ಪಳ ಬೆಳೆಯುತ್ತೆ. ಅದೇ ಪಶ್ಮ್. ಎಳೆಯ ದಪ್ಪ 12ರಿಂದ 15 ಮೈಕ್ರಾನ್ ಅಷ್ಟೇ. ನಮ್ಮ ತಲೆಗೂದಲು ಇದರ ನಾಲ್ಕೈದು ಪಟ್ಟು ದಪ್ಪ!

ಚಳಿ ಇಳಿದಂತೆ ಈ ತುಪ್ಪಳ ತಾನಾಗೇ ಸಡಿಲವಾಗುತ್ತೆ. ಅಲೆಮಾರಿ ಚಾಂಗ್ಪಾ ಜನ ಅದನ್ನು ಬಾಚಣಿಗೆಯಿಂದ ಬಾಚಿ ತೆಗೀತಾರೆ. ಮುಂದೆ ಕಾಶ್ಮೀರದಲ್ಲಿ ಹೆಂಗಸರು ಚರಕದಲ್ಲಿ ನೂಲು ತೆಗೀತಾರೆ, ನೇಕಾರರು ಕೈಮಗ್ಗದಲ್ಲಿ ನೇಯ್ತಾರೆ.

ಕೊಳ್ಳುವಾಗ ಜಿಐ (ಭೌಗೋಳಿಕ ಸೂಚಕ) ಗುರುತು ನೋಡಿ. ಐನೂರು ರೂಪಾಯಿಗೆ ಅಸಲಿ ಪಶ್ಮಿನಾ ಶಾಲು ಸಿಗಲ್ಲ!