ಸೀಟು ತಪ್ಪಿದವರ ಶಾಸ್ತ್ರವೇ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಮೆಡಿಕಲ್ ಸಿಗಲಿಲ್ಲ, ಬಿ.ಎಸ್ಸಿ.ಗೆ ಸೇರಿಸಿದೆವು." ಸಸ್ಯಶಾಸ್ತ್ರದ ತರಗತಿಗೆ ಮೊದಲ ದಿನವೇ ಕೆಲವು ಮಕ್ಕಳು ಸೋತ ಮುಖ ಹೊತ್ತು ಬರುವುದು ಇದರಿಂದಲೇ.

ಇಂಥ ಪಾಲಕರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಇದೇ ಶಾಸ್ತ್ರವನ್ನು ಬೋಧಿಸಿದ ಯೇಸುಸಭೆಯ ಗುರು, ವಂದನೀಯ ಸೆಸಿಲ್ ಸಲ್ಡಾನಾ ಅವರನ್ನು ನೆನೆಯಬೇಕು. ಅತ್ತ ಸಕಲೇಶಪುರದ ಮಳೆಕಾಡು, ಇತ್ತ ಅರಸೀಕೆರೆಯ ಒಣನೆಲ. ಎರಡನ್ನೂ ಒಳಗೊಂಡ ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು, ಅಮೆರಿಕದ ಡಾನ್ ನಿಕೋಲ್ಸನ್ ಅವರೊಡಗೂಡಿ ಅವರು ಸಂಪಾದಿಸಿದ ಬೃಹದ್ಗ್ರಂಥವು 1976ರಲ್ಲಿ ಪ್ರಕಟವಾಯಿತು. ಇಡೀ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ ಬಂದುದು 1984ರಲ್ಲಿ.

ಇಂಥ ಗ್ರಂಥಗಳಿಗೆ ಆಧಾರವಾದ ಕೆಲಸವನ್ನು ಪದವಿ ವಿದ್ಯಾರ್ಥಿಯೂ ಕಲಿಯಬಲ್ಲ. ಹೂವಿರುವ ಟೊಂಗೆಯನ್ನು ಕತ್ತರಿಸಿ ಹಳೆಯ ಪತ್ರಿಕೆಗಳ ನಡುವೆ (ಈ ಪುಟವೂ ಆದೀತು!) ಒತ್ತಿಡಬೇಕು. ತೇವವಾದ ಹಾಳೆಗಳನ್ನು ಬದಲಿಸುತ್ತ ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಬೇಕು. ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಚೀಟಿಯಲ್ಲಿರಬೇಕು. ಒಣಗಿದ ಮೇಲೆ ಹೂವಿನ ಬಣ್ಣ ಮಾಸುವುದರಿಂದ ಅದನ್ನು ಗಿಡದ ಬುಡದಲ್ಲೇ ನಿಂತು ಬರೆದುಕೊಳ್ಳಬೇಕು. ಚೀಟಿಯಿಲ್ಲದಿದ್ದರೆ ಅದು ಬರಿಯ ತರಗೆಲೆ. ಚೀಟಿ ಸರಿಯಾಗಿದ್ದರೆ, ಕಾಡು ಅಳಿದ ಮೇಲೂ ಆ ಗಿಡ ಅಲ್ಲಿತ್ತೆಂದು ಸಾಕ್ಷಿ ಹೇಳುತ್ತದೆ. ವೈದ್ಯನ ಔಷಧಿಗಳಲ್ಲಿ ಹಲವು ಗಿಡಗಳಿಂದಲೇ ಬಂದವೆಂಬುದು ಬೇರೆ ಮಾತು.

ಮುಂದಿನ ರಜೆಯಲ್ಲಿ ನಿಮ್ಮ ಮಗಳು ಪತ್ರಿಕೆಗಳ ಕಟ್ಟಿನ ಮೇಲೆ ರುಬ್ಬುಗುಂಡು ಹೇರಿಟ್ಟಿದ್ದರೆ, ದಯಮಾಡಿ ವಾರದ ಮಟ್ಟಿಗೆ ಅದನ್ನು ಕದಲಿಸಬೇಡಿ.